ಲಾಂಡ್ರಿ ಚೀಟಿಯ ಮೇಲಿನ ಪಾಸ್‌ವರ್ಡ್

ಬೆಳಿಗ್ಗೆ ಅಂಗಡಿಯ ಬಾಗಿಲು ತೆಗೆದ ಕೂಡಲೇ ಗರಿಗರಿ ಅಕ್ಕ ಮಾಡುತ್ತಿದ್ದ ಮೊದಲ ಕೆಲಸ ಜೇಬು ನೋಡುವುದು. ನೋಡುವುದು ಎನ್ನುವುದು ಮಾತಿಗೆ ಮಾತ್ರ. ಹಿಂದಿನ ದಿನ ಒಗೆಯಲು ಬಂದ ಬಟ್ಟೆಗಳನ್ನು ಒಂದೊಂದಾಗಿ ಎಡಗೈಯಲ್ಲಿ ಎತ್ತಿ ಹಿಡಿದು, ಬಲಗೈಯನ್ನು ಜೇಬಿನೊಳಗೆ ಇಳಿಸಿ, ಮುಖವನ್ನು ಬೀದಿಯ ಕಡೆಗೆ ತಿರುಗಿಸಿಬಿಡುತ್ತಿದ್ದಳು. ಬೆರಳಿಗೆ ಸಿಕ್ಕಿದ್ದು ಸಿಕ್ಕಿದ ಹಾಗೆಯೇ ಒಂದು ಪುಟ್ಟ ಚೀಲದೊಳಗೆ ಹೋಗುತ್ತಿತ್ತು. ಹಳೆಯ ದಿಂಬಿನ ಕವರುಗಳನ್ನು ಕತ್ತರಿಸಿ ಅವಳೇ ಹೊಲಿದ ಚೀಲಗಳು ಅವು. ಗಟ್ಟಿಯಾಗಿದ್ದರೆ ಕೀಲಿಕೈ, ತೆಳ್ಳಗಿದ್ದರೆ ಟಿಕೆಟ್ಟು, ಮಡಚಿ ಮಡಚಿ ಮೆತ್ತಗಾಗಿದ್ದರೆ ಕಾಗದ. ಅಷ್ಟು ಬೆರಳಿಗೆ ಗೊತ್ತಾಗುತ್ತಿತ್ತು, ಅದಕ್ಕಿಂತ ಹೆಚ್ಚು ಗೊತ್ತಾಗುವುದು ಅವಳಿಗೆ ಬೇಕಿರಲಿಲ್ಲ. ಚೀಲದ ದಾರ ಎಳೆದು, ಬಟ್ಟೆಯ ನಂಬರನ್ನೇ ಅದಕ್ಕೂ ಪಿನ್ನು ಮಾಡಿ ಗೂಟಕ್ಕೆ ನೇತುಹಾಕುತ್ತಿದ್ದಳು.

ಇದನ್ನು ಕಲಿಸಿದ್ದು ಅವಳ ಅತ್ತೆ. ಮದುವೆಯಾಗಿ ಬಂದ ಹೊಸದರಲ್ಲಿ ಇವಳು ಒಂದು ಕೋಟಿನ ಜೇಬಿನಿಂದ ಕಾಗದ ತೆಗೆದು ಬಿಡಿಸಿ ನೋಡಲು ಹೋದಾಗ ಅತ್ತೆ ಕೈಯ ಮೇಲೆ ಮೆಲ್ಲಗೆ ತಟ್ಟಿದ್ದರು. "ಬೀದಿ ನೋಡು ಮಗಳೇ, ಬಟ್ಟೆ ನೋಡ್ಬೇಡ. ಒಳಗಿರೋದನ್ನ ಕಂಡ್ರೆ ನಾಳೆ ಅವರು ಬಂದಾಗ ಅವರ ಮುಖ ನೋಡೋಕಾಗಲ್ಲ." ಅತ್ತೆ ತೀರಿಕೊಂಡು ಬಹಳ ಕಾಲವಾಗಿತ್ತು. ಜ್ವರ ಬಂದ ದಿನವೂ, ಅತ್ತೆಯನ್ನು ಮಣ್ಣಿಗೆ ಇಳಿಸಿ ಬಂದ ಮರುದಿನವೂ ಗರಿಗರಿ ಅಕ್ಕ ಬೀದಿ ನೋಡುತ್ತ ಜೇಬುಗಳನ್ನು ಖಾಲಿ ಮಾಡಿದ್ದಳು. ಆ ಹೊತ್ತಿನಲ್ಲಿ ಅವಳ ತುಟಿ ಸದ್ದಿಲ್ಲದೆ ಅಲ್ಲಾಡುತ್ತಿದ್ದುದುಂಟು. ಪ್ರಾರ್ಥನೆಯೋ, ಬಾಕಿ ಬಟ್ಟೆಗಳ ಎಣಿಕೆಯೋ, ಯಾರೂ ಕೇಳಿರಲಿಲ್ಲ.

ಗರಿಗರಿ ಅಕ್ಕ ಎಂದು ಹೆಸರು ಬಿದ್ದದ್ದು ಅವಳ ಬಾಯಿಂದಲೇ. "ಯಾವಾಗ ಸಿಗುತ್ತೆ?" ಎಂದು ಯಾರು ಕೇಳಿದರೂ "ನಾಳೆ ಸಂಜೆ, ಗರಿಗರಿಯಾಗಿ," ಎನ್ನುತ್ತಿದ್ದಳು. ಹೆಸರಿಗೆ ತಕ್ಕ ಹಾಗೆ ಆಳೂ ಇದ್ದಳು: ಎತ್ತರ, ತೆಳ್ಳಗೆ, ನಡುವೆ ಎಲ್ಲೂ ಸುಕ್ಕಿಲ್ಲ.

ಅಂಗಡಿಗೆ ಎರಡು ಕೋಣೆ. ಮುಂದಿನದರಲ್ಲಿ ಗಲ್ಲಾ, ಕಂಬಳಿ ಹೊದಿಸಿದ ಇಸ್ತ್ರಿ ಮೇಜು, ಗೋಡೆಗೆ ಒತ್ತಿಕೊಂಡ ಒಂದು ಬೆಂಚು. ಹಿಂದಿನದರಲ್ಲಿ ಮೂರು ಒಗೆಯುವ ಮೆಷಿನ್ನು, ಒಂದು ಒಣಗಿಸುವುದು. ಎಲ್ಲವೂ ಒಟ್ಟಿಗೆ ತಿರುಗತೊಡಗಿದರೆ ಮುಂದಿನ ಗಲ್ಲಾದ ಮೇಲಿನ ಪಿನ್ನಿನ ಡಬ್ಬಿ ತನ್ನಷ್ಟಕ್ಕೆ ನಡೆದುಕೊಂಡು ಅಂಚಿಗೆ ಬರುತ್ತಿತ್ತು. ಹಿಂದಿನ ಕೋಣೆ ಗಂಡನ ರಾಜ್ಯ. ಆ ಸದ್ದಿನಲ್ಲೇ ಬಾಳಿದ ಅವನು ಹೊಳೆಯ ಆಚೆ ದಡದವರನ್ನು ಕೂಗುವ ಹಾಗೆ ಮಾತಾಡುತ್ತಿದ್ದ. ಮನೆಯಲ್ಲಿ ನೀರು ಕೇಳಿದರೂ ಪಕ್ಕದ ಮನೆಯವರು ಲೋಟ ಎತ್ತಿಕೊಳ್ಳಬೇಕು, ಹಾಗೆ. "ನಿಮ್ಮೆಜಮಾನ್ರು ಗುಟ್ಟು ಹೇಳೋದು ಹೇಗೆ ಅಕ್ಕಾ?" ಎಂದು ಬೆಂಚಿನವರು ಕೆಣಕಿದರೆ, "ಮೆಷಿನ್ ನಿಲ್ಲಿಸಿ ಹೇಳ್ತಾರೆ," ಎನ್ನುತ್ತಿದ್ದಳು.

ಅಂಗಡಿಯ ಬಾಡಿಗೆ ಪತ್ರ, ಕರೆಂಟು, ಎಲ್ಲವೂ ಅವಳ ಹೆಸರಿನಲ್ಲಿದ್ದವು. ಅತ್ತೆಯೇ ಹಾಗೆ ಮಾಡಿಸಿದ್ದರು. "ನನ್ನ ಮಗ ಎಲ್ಲಿ ಸಹಿ ಹಾಕು ಅಂತಾರೋ ಅಲ್ಲೊಂದು ಬಿಟ್ಟು ಮಿಕ್ಕ ಕಡೆಯೆಲ್ಲ ಹಾಕ್ತಾನೆ," ಎಂಬುದು ಅವರ ಅಭಿಪ್ರಾಯ. ಹೀಗಾಗಿ ಇಂಟರ್ನೆಟ್ ಲೈನು ಬಂದಾಗ ಅದೂ ಅವಳ ಹೆಸರಿಗೇ ಬಂತು.

ಲೈನು ತರಿಸಿದವನು ಮೈದುನ. ಮನೆಮನೆಗೆ ಬಟ್ಟೆ ತಲುಪಿಸುವುದು ಅವನ ಕೆಲಸ, ಹೊಸ ಯಂತ್ರ ಯಾವುದು ಬಂದರೂ ಅದರ ಬೆನ್ನು ಹತ್ತುವುದು ಅವನ ಖಯಾಲಿ. "ಅತ್ತಿಗೆ, ಬೆಂಚು ಖಾಲಿ ಹೊಡೀತಿದೆ. ಕಾಯೋರಿಗೆ ಕಾಯೋಕೆ ಏನಾದ್ರೂ ಬೇಡ್ವಾ? ವೈಫೈ ಹಾಕ್ಸಿ ನೋಡಿ, ಎಬ್ಬಿಸಿದ್ರೂ ಏಳಲ್ಲ," ಎಂದ. ಹಾಕಿಸಿದ್ದಾಯಿತು. ಪಾಸ್‌ವರ್ಡ್ ಅನ್ನೂ ಅವನೇ ಇಟ್ಟ: ಇಂಗ್ಲಿಷ್ ಅಕ್ಷರದಲ್ಲಿ ಗರಿಗರಿ, ಕೊನೆಗೆ ಒಂದು ಎರಡು ಮೂರು.

ಬೆಂಚು ತುಂಬಿತು. ಆದರೆ ಬಂದವರೆಲ್ಲ ಪಾಸ್‌ವರ್ಡ್ ಕೇಳುವರು, ಮೆಷಿನ್ನಿನ ಸದ್ದಿನಲ್ಲಿ ಯಾರಿಗೂ ಕೇಳಿಸದು, ಅವಳ ಕೈಯಲ್ಲಿ ಕಾದ ಇಸ್ತ್ರಿ ಪೆಟ್ಟಿಗೆ. ಒಂದು ದಿನ ಗಂಡನೇ ಒಳಗಿನಿಂದ ಬಂದು "ಗರಿಗರಿ ಒಂದು ಎರಡು ಮೂರು!" ಎಂದು ಅಬ್ಬರಿಸಿದಾಗ ಬೀದಿಯಲ್ಲಿ ಹೋಗುತ್ತಿದ್ದ ಒಬ್ಬ ಯಾವುದೋ ಓಟದ ಸ್ಪರ್ಧೆ ಎಂದುಕೊಂಡು ನಿಂತುಬಿಟ್ಟ. ಆಮೇಲೆ ಮೈದುನನಿಗೆ ಒಂದು ಉಪಾಯ ಹೊಳೆಯಿತು. ಬಟ್ಟೆಗೆ ಪಿನ್ನು ಮಾಡುವ ನಂಬರ್ ಚೀಟಿಗಳು ಹೇಗೂ ಮುಗಿಯುತ್ತ ಬಂದಿದ್ದವು. ನೀರಿಗೆ ಕರಗದ ಕಾಗದದವು ಅವು, ಒಮ್ಮೆಗೆ ಹೆಚ್ಚು ಮಾಡಿಸಿದರೆ ಅಗ್ಗ. ಅವನು ಒಂದು ಮೂಟೆ ಮಾಡಿಸಿ ತಂದ. ಪ್ರತಿ ಚೀಟಿಯಲ್ಲೂ ಮೇಲೆ ನಂಬರು, ಕೆಳಗೆ ವೈಫೈ ಪಾಸ್‌ವರ್ಡ್.

ಎಲ್ಲರೂ ಮೆಚ್ಚಿದರು. ಯಾರೂ ಯೋಚಿಸದಿದ್ದ ಸಂಗತಿ ಒಂದೇ: ಚೀಟಿ ಅಂಗಡಿಯಲ್ಲಿ ಉಳಿಯುವುದಿಲ್ಲ, ಬಟ್ಟೆಯ ಜೊತೆ ಮನೆಗೆ ಹೋಗುತ್ತದೆ. ಅಂಗಿಯ ಅಂಚಿನಲ್ಲಿ, ಪರದೆಯ ಮೂಲೆಯಲ್ಲಿ, ಕೋಟಿನ ಕೊರಳಪಟ್ಟಿಯಲ್ಲಿ ಕುಳಿತು ಆ ಪಾಸ್‌ವರ್ಡ್ ಸುತ್ತಲಿನ ಬೀದಿಗಳ ಕಪಾಟುಗಳನ್ನೆಲ್ಲ ಸೇರಿತು. ಮಹಡಿಯ ಮೇಲಿನ ಸಂಸಾರ ತನ್ನ ಲೈನು ತೆಗೆಸಿಹಾಕಿತು. ಸಂಜೆಯಾದರೆ ಮೆಟ್ಟಿಲ ಮೇಲೆ ಕಾಲೇಜಿನವರು. ಒಬ್ಬ ಮಹಾಶಯ ಒಂದೇ ಕರವಸ್ತ್ರವನ್ನು ಇಸ್ತ್ರಿಗೆ ಕೊಟ್ಟು ಅರ್ಧ ದಿನ ಕೂರುತ್ತಿದ್ದ.

"ಪಾಸ್‌ವರ್ಡ್ ಆಗಾಗ ಬದಲಾಯಿಸ್ತಾ ಇರ್ಬೇಕಂತೆ ಅತ್ತಿಗೆ," ಎಂದು ಮೈದುನನೇ ಒಮ್ಮೆ ಅಂದ.

ಅಕ್ಕ ಇಸ್ತ್ರಿ ಮೇಜಿನ ಕೆಳಗಿದ್ದ ಮೂಟೆಯನ್ನು ಕಾಲಿನಿಂದ ತೋರಿಸಿದಳು. "ಮತ್ತೆ ಇದನ್ನ ಏನು ಮಾಡೋದು, ಒಲೆಗೆ ಹಾಕೋದಾ? ಮುಗೀಲಿ ತಡಿ."

ಮೂಟೆ ಮುಗಿಯುವ ಮೊದಲೇ ಒಂದು ಮಧ್ಯಾಹ್ನ ಬರಿಗೈಯಲ್ಲಿ ಒಬ್ಬ ಬಂದು ಗಲ್ಲಾದ ಮುಂದೆ ನಿಂತ. ಅಕ್ಕ ಆಗಲೇ ಪಿನ್ನು ಹಿಡಿದಿದ್ದಳು.

"ಅರ್ಜೆಂಟಾ ಸಾರ್, ಮಾಮೂಲಾ?"

"ಅರ್ಜೆಂಟೇ."

"ಬಟ್ಟೆ ಎಲ್ಲಿ?"

"ಬಟ್ಟೆ ವಿಷಯ ಅಲ್ಲಮ್ಮ, ಇಂಟರ್ನೆಟ್ ವಿಷಯ," ಎಂದು ಅವನು ತನ್ನ ಪೊಲೀಸ್ ಕಾರ್ಡು ತೆಗೆದು ತೋರಿಸಿದ.

ಹತ್ತಿರದ ದೊಡ್ಡ ಲಾಡ್ಜಿನ ಬಗ್ಗೆ ಯಾರೋ ಹೆಸರು ಹಾಕದೆ ಇಂಟರ್ನೆಟ್‌ನಲ್ಲಿ ಬರೆದಿದ್ದರು. ಅವನು ತನ್ನ ಫೋನಿನಲ್ಲಿ ಅದನ್ನು ಓದಿದ: 'ಇಲ್ಲಿ ಒಬ್ಬರು ಹೋದ ಮೇಲೆ ಹಾಸಿಗೆಯ ಚಾದರ ಬದಲಾಯಿಸುವುದಿಲ್ಲ. ಕೊಡವಿ, ತಿರುಗಿಸಿ, ಇನ್ನೊಬ್ಬರಿಗೆ ಹಾಸುತ್ತಾರೆ. ನಂಬಿಕೆ ಇಲ್ಲದಿದ್ದರೆ ಒಗೆಯುವವರನ್ನು ಕೇಳಿ ನೋಡಿ.' ಸಾವಿರಾರು ಜನ ಅದನ್ನು ಓದಿದ್ದರು. ಲಾಡ್ಜಿನ ಯಜಮಾನ ಮಾನ ಹೋಯಿತು, ವ್ಯಾಪಾರ ಹೋಯಿತು ಎಂದು ದೂರು ಕೊಟ್ಟಿದ್ದ. ಹುಡುಕುತ್ತ ಬಂದರೆ ಆ ಮಾತು ಹೊರಟದ್ದು ಈ ಲಾಂಡ್ರಿಯ ಲೈನಿನಿಂದ.

ಅಕ್ಕ ಪಿನ್ನನ್ನು ಡಬ್ಬಿಗೆ ಹಾಕಿದಳು. ಆ ಲಾಡ್ಜಿನ ಚಾದರ, ದಿಂಬಿನ ಕವರು ಎಲ್ಲ ಒಗೆಯುತ್ತಿದ್ದುದು ಇವರೇ.

"ನೀವು ಬರೆದ್ರಾ?"

"ನನಗೆ ಓದೋಕೇ ಪುರುಸೊತ್ತಿಲ್ಲ, ಬರೆಯೋದೆಲ್ಲಿ ಬಂತು ಸಾರ್."

"ಮತ್ತೆ ಯಾರು?"

"ಗೊತ್ತಿಲ್ಲ."

"ಪಾಸ್‌ವರ್ಡ್ ಯಾರ್ಯಾರಿಗೆ ಗೊತ್ತು ಹೇಳಿ. ಹೆಸರು ಬರ್ಕೋತೀನಿ."

ಅಕ್ಕ ಅವನ ಅಂಗಿಯ ಕೆಳ ಅಂಚನ್ನು ನೋಡಿದಳು. ಅಲ್ಲಿ ಒಂದು ಚೀಟಿ ಇಣುಕುತ್ತಿತ್ತು. "ನಿಮ್ಮಿಂದಲೇ ಶುರು ಮಾಡಿ ಸಾರ್," ಎಂದಳು. ಅವನು ಬಗ್ಗಿ ನೋಡಿಕೊಂಡ. ಬೆಂಚಿನ ಮೇಲಿದ್ದವರು ನಗು ತಡೆಯಲು ಫೋನಿನೊಳಗೆ ಮುಖ ಹುದುಗಿಸಿದರು. "ನನ್ನ ಹೆಂಡ್ತಿ ಕೊಟ್ಟಿರ್ಬೇಕು," ಎಂದು ಅವನು ಚೀಟಿ ಕಿತ್ತು, ಓದಿ, ಅದನ್ನು ಜೇಬಿಗೆ ಹಾಕಿಕೊಂಡ. ನಗು ಅಲ್ಲಿಗೇ ಮುಗಿಯಿತು. ಅಕ್ಕ, ಗಂಡ, ಮೈದುನ ಮೂವರ ಫೋನುಗಳನ್ನೂ ಪರೀಕ್ಷೆಗೆಂದು ತೆಗೆದುಕೊಂಡು ಹೋದ. ಹೋಗುವಾಗ, "ಲಾಡ್ಜಿಂದ ಚಾದರ ಕಡಿಮೆ ಬರ್ತಿತ್ತಾ?" ಎಂದು ಕೇಳಿದ.

"ಬಂದಿದ್ದನ್ನ ಒಗೀತೀವಿ ಸಾರ್. ಬಾರದೇ ಇದ್ದಿದ್ದು ನಮಗೆ ಹೇಗೆ ಕಾಣುತ್ತೆ?"

ಫೋನುಗಳಲ್ಲಿ ಏನೂ ಸಿಗದೆ ವಾಪಸು ಬಂದವು. ಆದರೆ ಕೇಸಿನಿಂದ ಅಕ್ಕನ ಹೆಸರು ಬಿಟ್ಟುಹೋಗಲಿಲ್ಲ. ವಾರಕ್ಕೊಮ್ಮೆ ಕರಿಕೋಟು ಇಸ್ತ್ರಿಗೆ ಕೊಡುತ್ತಿದ್ದ ವಕೀಲೆಯೊಬ್ಬಳಿದ್ದಳು, ಬೀದಿಯವರಿಗೆಲ್ಲ ವಕೀಲಮ್ಮ. ಅವಳು ಬೆಂಚಿನ ಮೇಲೆ ಕುಳಿತು ಎಲ್ಲವನ್ನೂ ಕೇಳಿಕೊಂಡಳು.

"ನೋಡಿ ಅಕ್ಕ, ಲೈನು ನಿಮ್ಮ ಹೆಸರಲ್ಲಿದೆ. ಆ ದಾರೀಲಿ ಯಾರು ಏನು ಮಾಡಿದ್ರೂ ಮೊದಲು ಬಂದು ತಟ್ಟೋದು ನಿಮ್ಮ ಬಾಗಿಲೇ. ಹಾಗಂತ ಮಾಡಿದ್ದೂ ನೀವೇ ಅಂತ ಆಗಲ್ಲ. ಆದ್ರೆ, ನಿಮ್ಮ ಬಾಗಿಲನ್ನ ನೀವು ಎಷ್ಟು ಜೋಪಾನ ಮಾಡಿದ್ರಿ ಅಂತ ಕೇಳ್ತಾರೆ."

ಅಕ್ಕ ಮೂಟೆಯ ಕಡೆ ನೋಡಿದಳು.

"ಅದೇ," ಎಂದಳು ವಕೀಲಮ್ಮ. "ಬೀಗದಕೈನ ಊರಿಗೆಲ್ಲ ಪಿನ್ನು ಮಾಡಿ ಕಳಿಸಿದೀರಿ. ಇದು ಜೋಪಾನ ಅಂತ ನಾನು ಯಾವ ಬಾಯಲ್ಲಿ ವಾದ ಮಾಡ್ಲಿ?"

"ಈಗ ಏನು ಗತಿ ಮೇಡಂ?"

"ಬರೆದೋರು ಯಾರು ಅಂತ ತೋರಿಸಿದ್ರೆ ಇವತ್ತೇ ನಿಮ್ಮ ಹೆಸರು ತೆಗೀತಾರೆ. ಬರೆದಿದ್ದು ನಿಜ ಅಂತಾದ್ರೆ ಅದು ಬೇರೆ ಮಾತು, ಆದ್ರೆ ಅದನ್ನ ಹೇಳೋಕೆ ಕಂಡೋರೇ ಬರ್ಬೇಕು. ಯಾರೂ ಸಿಗ್ಲಿಲ್ಲ ಅಂದ್ರೆ ಲಾಡ್ಜಿನೋನು ನಿಮ್ಮನ್ನೇ ಹಿಡ್ಕೋತಾನೆ. ಕೋರ್ಟು ಅಂದ್ರೆ ಗೊತ್ತಲ್ಲ, ಗೆದ್ರೂ ಚಪ್ಪಲಿ ಸವೆಯುತ್ತೆ."

ಆ ದಿನವೇ ಪಾಸ್‌ವರ್ಡ್ ಬದಲಾಯಿತು. ಆದರೆ ಮೈದುನ ಅಷ್ಟಕ್ಕೆ ಬಿಡಲಿಲ್ಲ. ಚೀಟಿಯ ಉಪಾಯ ತನ್ನದೇ ಎಂಬ ಸಂಕಟ ಅವನನ್ನು ಕೊರೆಯುತ್ತಿತ್ತು. ಮರುದಿನ ಅತ್ತಿಗೆಗೆ ಹೇಳದೆ ಹಳೆಯ ಪಾಸ್‌ವರ್ಡನ್ನೇ ತಿರುಗಿ ಹಾಕಿ, ಗೋಡೆಯ ಮೇಲಿನ ವೈಫೈ ಡಬ್ಬಿಯಲ್ಲಿ ಇನ್ನೇನೋ ತಿರುಚಿದ. ಸಂಜೆ, ಬೆಂಚು ಖಾಲಿಯಾದ ಮೇಲೆ, ಕಣ್ಣರಳಿಸಿಕೊಂಡು ಫೋನು ಹಿಡಿದು ಬಂದ.

"ಅತ್ತಿಗೆ, ಇನ್ನು ಸಿಕ್ಕಿಬಿದ್ದ ಹಾಗೇ ಲೆಕ್ಕ. ಯಾವ ಫೋನು ಬಂತು, ಯಾವ ಸೈಟಿಗೆ ಹೋಯ್ತು, ಎಲ್ಲ ಇದರಲ್ಲಿ ಬರ್ತಿದೆ. ಲಾಡ್ಜಿನ ಪುಟ ಯಾರು ಯಾರು ನೋಡ್ತಾರೆ ಅಂತ ನೋಡ್ಕೊಂಡ್ರೆ ಸಾಕು. ಬರೆದೋರು ತಮ್ಮ ಬರಹ ನೋಡೋಕೆ ಬಂದೇ ಬರ್ತಾರೆ."

"ಅವರಿಗೆ ಗೊತ್ತಾ, ನೀನು ನೋಡ್ತಿರೋದು?"

"ಗೊತ್ತಾದ್ರೆ ಇನ್ನೇನು ಹಿಡಿಯೋದು! ಕೇಳಿ ಇಲ್ಲಿ." ಅವನು ಓದತೊಡಗಿದ. ಕರವಸ್ತ್ರದ ಮಹಾಶಯ ಬೆಳಗಿಂದ ಬೋಳು ತಲೆಯಲ್ಲಿ ಕೂದಲು ಬರಿಸುವ ಸೈಟಿನಲ್ಲೇ ಇದ್ದನಂತೆ. ಅಕ್ಕನಿಗೆ ನಗು ಬಂದುಬಿಟ್ಟಿತು. ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಮಹಡಿಯ ಮೇಲಿನವರ ಫೋನು ಹೆಣ್ಣು ಹುಡುಕುವ ಸೈಟಿಗೆ ಹೋಗಿತ್ತು. ಮೇಲೆ ಮದುವೆಯಾಗದ ಗಂಡಸು ಯಾರೂ ಇರಲಿಲ್ಲ. ಅಕ್ಕನ ನಗು ಅರ್ಧಕ್ಕೆ ನಿಂತಿತು.

"ಸಾಕು ಬಿಡಪ್ಪ."

"ಇನ್ನೊಂಚೂರು... ಇದು ನಮ್ಮಣ್ಣಂದೇ ಫೋನು. ಕಿವಿ ಯಂತ್ರ. ಮತ್ತೆ ಕಿವಿ ಯಂತ್ರ. ಕಿವಿ ಡಾಕ್ಟರು..." ಓದುತ್ತ ಹೋದ ಅವನ ದನಿ ತಾನಾಗಿ ಇಳಿಯಿತು. "ಇಡೀ ದಿನ ಇದೇ ನೋಡಿದಾನೆ ಅತ್ತಿಗೆ."

ಅಕ್ಕ ನೇರವಾಗಿ ಹೋಗಿ ಮೇನ್ ಸ್ವಿಚ್ ಕೆಳಗೆಳೆದಳು. ಇಸ್ತ್ರಿ ಪೆಟ್ಟಿಗೆ ಆರಿಸುವುದು ಮರೆತು ಹೋದೀತೆಂದು ದಿನವೂ ಬಾಗಿಲು ಹಾಕುವಾಗ ಎಳೆಯುತ್ತಿದ್ದ ಅದೇ ಸ್ವಿಚ್ಚು. ಡಬ್ಬಿಯ ದೀಪಗಳು ಆರಿದವು. "ಅಯ್ಯೋ, ಬರ್ಕೊಂಡಿದ್ದೆಲ್ಲ ಅಳಿಸಿಹೋಯ್ತಲ್ಲ! ಆರಿಸಿದ್ರೆ ಅದಕ್ಕೆ ಏನೂ ನೆನಪಿರಲ್ಲ," ಎಂದು ಮೈದುನ ಬಾಯಿ ಬಾಯಿ ಬಡಿದುಕೊಂಡ. ಹಿಂದಿನ ಕೋಣೆಯಲ್ಲಿ ಮೆಷಿನ್ನುಗಳು ಉಸಿರೆಳೆದು ನಿಂತವು. ಅಂಗಡಿಯೊಳಗೆ ಪೂರ್ತಿ ನಿಶ್ಶಬ್ದ.

ಗಂಡ ಒದ್ದೆ ಕೈ ಕೊಡವುತ್ತ ಬಾಗಿಲಿಗೆ ಬಂದ. "ಕರೆಂಟ್ ಹೋಯ್ತಾ?" ಎಂದು ಕೂಗಿದ.

ಒಂದು ಸದ್ದೂ ಇಲ್ಲದ ಕೋಣೆಯಲ್ಲಿ ಆ ಕೂಗು ಗೋಡೆಗೆ ಬಡಿದು ಬಂತು. ಇಷ್ಟು ವರ್ಷ ಮೆಷಿನ್ನಿನ ಮೇಲೆ ಹಾಕಿದ್ದ ತಪ್ಪು ಮೆಷಿನ್ನಿನದಷ್ಟೇ ಅಲ್ಲವೆಂದು ಅಕ್ಕನಿಗೆ ಆಗ ತಿಳಿಯಿತು. "ನಾನೇ ತೆಗೆದೆ ರೀ," ಎಂದಳು. ಅವನು ಅವಳ ತುಟಿಯನ್ನೇ ನೋಡುತ್ತ ನಿಂತಿದ್ದ. "ಏನು?" ಎಂದ.

ಅಂದಿನಿಂದ ಅವಳಿಗೆ ಒಂದು ಹೊಸ ಕಷ್ಟ ಶುರುವಾಯಿತು. ಅವನು ಹೇಳಿಲ್ಲ, ತನಗೆ ಗೊತ್ತಿದೆ. ಊಟಕ್ಕೆ ಕುಳಿತಾಗ ಅವನ ಎಡಕ್ಕೆ ಬಂದು ಕೂರುತ್ತಿದ್ದಳು, ಆ ಕಿವಿ ಸ್ವಲ್ಪ ವಾಸಿ ಎಂದು ಗಮನಿಸಿದ್ದರಿಂದ. ಮಾತನ್ನು ಬಿಡಿಸಿ ಬಿಡಿಸಿ ಆಡುತ್ತಿದ್ದಳು. ಅವನು ಹೇಳಲಿ ಎಂದು ಕಾದಳು. ಕೊನೆಗೊಂದು ಬೆಳಿಗ್ಗೆ, ಅಂಗಡಿಗೆ ಹೊರಡುವ ಮೊದಲು, ಅವನು ಚಪ್ಪಲಿ ಮೆಟ್ಟುತ್ತ, ಮುಖ ಎತ್ತದೆ ಹೇಳಿದ.

"ನನಗೆ ಬಲಗಿವಿ ಸರಿಯಾಗಿ ಕೇಳಿಸ್ತಿಲ್ಲ ಕಣೇ. ಬಹಳ ದಿನ ಆಯ್ತು. ಎಡಗಿವೀನೂ ಹಾಗೇ ಆಗ್ತಿದೆ."

ಅವಳು ಆಶ್ಚರ್ಯಪಡಬೇಕಿತ್ತು. ಪ್ರಯತ್ನಪಟ್ಟಳು. ಸುಳ್ಳು ಅವಳ ಮುಖಕ್ಕೆ ಒಗ್ಗುವಂಥದ್ದಲ್ಲ.

ಅವನು ಅವಳನ್ನೇ ನೋಡಿದ. "ನಿನಗೆ ಗೊತ್ತಿತ್ತು."

"ಗೊತ್ತಿತ್ತು."

"ಹೇಗೆ?"

ಅವಳು ಹೇಳಿದಳು. ಡಬ್ಬಿ, ಮೈದುನ ಓದಿದ್ದು, ತಾನು ಸ್ವಿಚ್ ಎಳೆದದ್ದು, ಎಲ್ಲ. ಅವನು ಬೈಯಲಿಲ್ಲ. "ಎಷ್ಟು ದಿನದಿಂದ ಬಾಯಿಗೆ ತಂದುಕೊಳ್ಳೋಕೆ ಒದ್ದಾಡಿದೀನಿ ನಾನು," ಎಂದಷ್ಟೇ ಹೇಳಿ ಮುಂದೆ ನಡೆದ. ಆಮೇಲೆ ಕೆಲವು ದಿನ ಅವನ ಫೋನು ಗಲ್ಲಾದ ಮೇಲೇ ಬಿದ್ದಿರುತ್ತಿತ್ತು. ಯಾರು ಬೇಕಾದರೂ ನೋಡಿಕೊಳ್ಳಲಿ ಎನ್ನುವ ಹಾಗೆ. ದಿನವೂ ಬೆಳಿಗ್ಗೆ ಜೇಬಿಗೆ ಕೈ ಇಳಿಸಿ ಬೀದಿ ನೋಡುವಾಗ, ಪಕ್ಕದಲ್ಲೇ ಇದ್ದ ಆ ಫೋನಿನ ಕಡೆಗೂ ನೋಡದಿರುವುದು ಅವಳ ಪಾಲಿಗೆ ಬಂತು.

ಪಾಸ್‌ವರ್ಡನ್ನು ಮೈದುನ ಮತ್ತೆ ಬದಲಾಯಿಸಿದ್ದ. ಸಂಜೆ ಹೊತ್ತು ಮೂವರೂ ಕುಳಿತು ಮೂಟೆಯ ಚೀಟಿಗಳ ಕೆಳಭಾಗವನ್ನು ಕತ್ತರಿಸತೊಡಗಿದರು. ಎಸೆಯಲು ಅಕ್ಕನಿಗೆ ಮನಸ್ಸಿರಲಿಲ್ಲ, ಬರೀ ನಂಬರು ಉಳಿದರೆ ಸಾಕು. ಮೊದಮೊದಲು ಕತ್ತರಿಯ ಸದ್ದು ಮಾತ್ರ. ಒಂದು ಸಂಜೆ ಗಂಡ ತನ್ನ ಕತ್ತರಿ ನಿಲ್ಲಿಸಿ ತಮ್ಮನಿಗೆ, "ಏನೋ, ಆ ಬೋಳುತಲೆಯವನಿಗೆ ಕೂದಲು ಬಂತೇನೋ?" ಎಂದು ಕೂಗಿ ಕೇಳಿದ. ಮೈದುನ ಅತ್ತಿಗೆಯ ಮುಖ ನೋಡಿದ. ಅತ್ತಿಗೆ ಬೀದಿ ನೋಡಿದಳು. ಮರುದಿನದಿಂದ ಫೋನು ಗಂಡನ ಜೇಬಿಗೆ ಹಿಂತಿರುಗಿತು.

ಆ ಹೊತ್ತಿಗೆ ಲಾಡ್ಜಿನ ಗಂಟುಗಳು ಬರುವುದು ನಿಂತಿತ್ತು. ಒಂದು ಮೆಷಿನ್ನು ಬಟ್ಟೆ ಕವಚ ಹೊದ್ದು ಸುಮ್ಮನೆ ನಿಂತಿತು. ಲಾಡ್ಜಿನ ಯಜಮಾನ ತಾನೇ ಒಮ್ಮೆ ಫೋನು ಮಾಡಿದ. ದನಿ ಬೆಣ್ಣೆಯ ಹಾಗಿತ್ತು.

"ನೀವು ಬರೆದಿಲ್ಲ ಅಂತ ನನಗೂ ಗೊತ್ತಮ್ಮ. ನಮ್ಮವರೇ ಯಾರೋ ನಿಮ್ಮ ಬೆಂಚಲ್ಲಿ ಕೂತು ಬರೆದಿದಾರೆ. ಒಂದು ಹೆಸರು ಹೇಳಿ ಸಾಕು."

"ನನಗೆ ಗೊತ್ತಿಲ್ಲ ಸಾರ್."

"ಅನುಮಾನ ಇದ್ರೂ ಸಾಕು."

"ಅನುಮಾನ ಒಗೆದ್ರೆ ಹೋಗೋ ಕಲೆ ಅಲ್ಲ ಸಾರ್. ಇನ್ನೊಬ್ಬರ ಬಟ್ಟೆಗೆ ನಾನು ಹಚ್ಚಲ್ಲ," ಎಂದು ಫೋನಿಟ್ಟಳು.

ಠಾಣೆಗೆ ಹೋಗಿ ವಕೀಲಮ್ಮನ ಎದುರಿನಲ್ಲೇ ಹೇಳಿಕೆ ಬರೆಸಿದಳು. ಲೈನು ನನ್ನದು, ಪಾಸ್‌ವರ್ಡ್ ಚೀಟಿಯಲ್ಲಿ ಹಾಕಿಸಿ ಹಂಚಿದ್ದು ನಮ್ಮ ತಪ್ಪು, ಬರೆದವರು ಯಾರು ಎಂದು ನನಗೆ ಗೊತ್ತಿಲ್ಲ. ಅಂಗಿಯ ಚೀಟಿಯ ಅದೇ ಅಧಿಕಾರಿ ಮೂರನೆಯ ಮಾತನ್ನು ಮತ್ತೊಮ್ಮೆ ಕೇಳಿದ. "ನಿಜವಾಗ್ಲೂ ಗೊತ್ತಿಲ್ವಾ? ಕೋರ್ಟಲ್ಲೂ ಇದೇ ಕೇಳ್ತಾರೆ, ಪ್ರಮಾಣ ಮಾಡಿಸಿ." "ನಿಜವಾಗ್ಲೂ ಗೊತ್ತಿಲ್ಲ ಸಾರ್," ಎಂದಳು. ಅವಳ ಮುಖ ನೋಡಿ ಅವನು ನಂಬಿದ. ಆದರೂ ಕೇಸು ಮುಂದಕ್ಕೆ ಹೋಯಿತು. ಕೋರ್ಟಿನಿಂದ ಕರೆ ಬರುವುದೊಂದು ಬಾಕಿ.

ಹೀಗಿರುವಾಗ ಒಂದು ಬೆಳಿಗ್ಗೆ, ಬೆಂಚು ಇನ್ನೂ ಖಾಲಿಯಿದ್ದಾಗ, ಗಂಟಮ್ಮ ಬಂದಳು.

ಲಾಡ್ಜಿನ ಕೋಣೆಗಳನ್ನು ಗುಡಿಸಿ, ಹಾಸಿಗೆ ಹಾಸಿ, ಚಾದರದ ಗಂಟುಗಳನ್ನು ಲಾಂಡ್ರಿಗೆ ತರುತ್ತಿದ್ದವಳು ಅವಳೇ. ತನಗಿಂತ ದೊಡ್ಡ ಗಂಟು ಹೊತ್ತು ಬಾಗಿಲಲ್ಲಿ ಸಿಕ್ಕಿಹಾಕಿಕೊಳ್ಳುತ್ತಿದ್ದುದರಿಂದ ಆ ಹೆಸರು. ಒಗೆದ ಗಂಟು ಸಿದ್ಧವಾಗುವವರೆಗೆ ಬೆಂಚಿನ ತುದಿಯಲ್ಲಿ ಕುಳಿತು, ದೂರದಲ್ಲಿದ್ದ ತಾಯಿಯ ಮುಖವನ್ನು ಫೋನಿನಲ್ಲಿ ನೋಡುತ್ತ, "ಹಲ್ಲು ಹಾಕ್ಕೊಂಡು ಮಾತಾಡಮ್ಮ," ಎಂದು ನಗುತ್ತಿದ್ದಳು. ಗಂಟುಗಳು ನಿಂತ ಮೇಲೆ ಅವಳೂ ಬಂದಿರಲಿಲ್ಲ. ಈಗ ಕೈಯಲ್ಲಿ ತನ್ನದೇ ಒಂದು ಕೆಲಸದ ಏಪ್ರನ್ನು ಮಾತ್ರ ಇತ್ತು.

"ಇದೊಂದು ಒಗೀಬೇಕಿತ್ತಕ್ಕ," ಎಂದು ಗಲ್ಲಾದ ಮೇಲಿಟ್ಟಳು.

"ಕೂತ್ಕೋ. ಅಮ್ಮ ಹೇಗಿದಾರೆ?"

"ಚೆನ್ನಾಗಿದಾರೆ." ಕೂರಲಿಲ್ಲ. "ಲಾಡ್ಜಲ್ಲಿ ಎಲ್ಲರನ್ನೂ ಕರೆದು ಕರೆದು ಕೇಳ್ತಿದಾರೆ. ನಿಮ್ಮನ್ನ ಕೋರ್ಟಿಗೆ ಕರೀತಾರಂತೆ, ಹೌದಾ?"

"ಕರೆದ್ರೆ ಹೋಗೋದು."

ಗಂಟಮ್ಮನ ಕಣ್ಣು ತುಂಬಿತು. ದನಿ ತಗ್ಗಿಸಿ, ಗಲ್ಲಾದ ಮೇಲೆ ಬಗ್ಗಿದಳು. "ನಿದ್ದೆ ಬರ್ತಿಲ್ಲ ಅಕ್ಕ ನನಗೆ. ಇವತ್ತೇ ಠಾಣೆಗೆ ಹೋಗ್ತೀನಿ ನಾನು. ಹೋಗಿ ಹೇಳಿಬಿಟ್ರೆ ನಿಮ್ಮ ಹೆಸರು ಬಿಟ್ಟುಹೋಗುತ್ತೆ. ನಿಮಗಾಗಿ ಇಷ್ಟಾದ್ರೂ ಮಾಡ್ಬೇಕು. ಅವತ್ತು ನಾನು ಇಲ್ಲೇ—"

"ತಡಿ," ಎಂದಳು ಅಕ್ಕ.

ಏಪ್ರನ್ನನ್ನು ಎಡಗೈಯಲ್ಲಿ ಎತ್ತಿ ಹಿಡಿದಳು. ಬಲಗೈ ಜೇಬಿಗೆ ಇಳಿಯಿತು, ಮುಖ ಬೀದಿಯ ಕಡೆಗೆ ತಿರುಗಿತು. ಎದುರಿನ ಪಾದಚಾರಿ ದಾರಿಯಲ್ಲಿ ಯಾರೋ ಒಬ್ಬ ಮುದುಕ ನಾಯಿಯನ್ನು ಎಳೆಯುತ್ತಿದ್ದ, ಅಥವಾ ನಾಯಿಯೇ ಅವನನ್ನು ಎಳೆಯುತ್ತಿತ್ತು. ಅಕ್ಕ ಅದನ್ನೇ ನೋಡುತ್ತ ಮಾತಾಡಿದಳು.

"ನೀನು ಈಗ ಏನೂ ಹೇಳಿಲ್ಲ. ನನಗೆ ಏನೂ ಗೊತ್ತಿಲ್ಲ. ನಾಳೆ ಪ್ರಮಾಣ ಮಾಡಿಸಿ ಕೇಳ್ತಾರೆ, ಅಲ್ಲಿ ನಾನು ಸುಳ್ಳು ಹೇಳೋಳಲ್ಲ. ಅದಕ್ಕೇ, ನನ್ನ ಕಿವಿಗೆ ಏನೂ ಹಾಕ್ಬೇಡ."

"ಆದ್ರೆ ತಪ್ಪು ಮಾಡದೇ ನೀವು—"

"ಬಾಗಿಲು ತೆಗೆದಿಟ್ಟು ಬೀಗದಕೈ ಹಂಚಿದೋಳು ನಾನು. ಅಷ್ಟು ತಪ್ಪು ನಂದೇ. ಅದಕ್ಕೆ ನಾನು ನಿಲ್ತೀನಿ." ಬೆರಳಿಗೆ ಮಡಚಿದ ಕಾಗದವೊಂದು ಸಿಕ್ಕಿತು, ಜೊತೆಗೆ ಒಂದು ಸಣ್ಣ ಕೀಲಿಕೈ. ಎರಡೂ ಚೀಲಕ್ಕೆ ಹೋದವು. "ಚಾದರದ ವಿಷಯ ಯಾರಾದ್ರೂ ಎದ್ದು ನಿಂತು ಹೇಳ್ಬೇಕು ಅಂತಿದ್ರೆ, ಚಾದರಕ್ಕೋಸ್ಕರ ಹೇಳ್ಲಿ. ಅದು ಅವರಿಗೂ ದೇವರಿಗೂ ಬಿಟ್ಟಿದ್ದು. ನನಗೋಸ್ಕರ ಅಂತ ಯಾರೂ ಹೋಗೋದು ಬೇಡ. ನನ್ನ ಹೆಸರು ಬಿಡಿಸೋಕೆ ಇನ್ನೊಬ್ಬರ ಅನ್ನ ಕಳೆಯೋದು ನನಗೆ ಬೇಡ."

ಹಿಂದಿನ ಕೋಣೆಯಿಂದ ಗಂಡ, "ಯಾರದು?" ಎಂದು ಕೂಗಿದ.

ಅಕ್ಕ ಹಿಂದಕ್ಕೆ ತಿರುಗಿ, ಅವನಿಗೆ ತುಟಿ ಕಾಣುವ ಹಾಗೆ, "ಬಟ್ಟೆ ರೀ! ಒಂದು ಏಪ್ರನ್ನು!" ಎಂದಳು. ಅವನು ತಲೆಯಾಡಿಸಿ ಒಳಗೆ ಹೋದ.

ಗಂಟಮ್ಮ ಕೈಬೆನ್ನಿನಿಂದ ಮುಖ ಒರೆಸಿಕೊಂಡಳು. "ಹಾಗಾದ್ರೆ ನಿಮಗೆ ನಾನು ಏನೂ ಮಾಡೋದು ಬೇಡ್ವಾ ಅಕ್ಕ?"

"ಬೇಡ ಕಣೇ," ಎಂದು ಅಕ್ಕ ಕೆಳಭಾಗ ಕತ್ತರಿಸಿದ ಚೀಟಿಯೊಂದನ್ನು ಆರಿಸಿ ಏಪ್ರನ್ನಿಗೆ ಪಿನ್ನು ಚುಚ್ಚಿದಳು. "ಇದು ಅರ್ಜೆಂಟಾ, ಮಾಮೂಲಾ?"